ಗಾಳಿಯ ಕಡೆ ಬಾಗಿಲು

ಹೊಸದುರ್ಗದ ಕಡೆಯಿಂದ ಮಾರಿಕಣಿವೆಯ ಹಿನ್ನೀರಿಗೆ ಇಳಿಯುವ ಮಣ್ಣುದಾರಿಯ ಕೊನೆಯಲ್ಲಿ ರವೀಂದ್ರ ಎಂಬಾತ ಒಂದು ಕ್ಯಾಂಪು ನಡೆಸುತ್ತಾನೆ. ನೀರಿನ ಅಂಚಿಗೆ ಸಾಲು ಟೆಂಟು, ಸಂಜೆಗೆ ಬೆಂಕಿ, ಬೆಳಿಗ್ಗೆ ಬಿಸಿ ಇಡ್ಲಿ. ಶನಿವಾರ ಬಂತೆಂದರೆ ದಾವಣಗೆರೆ, ತುಮಕೂರು, ಬೆಂಗಳೂರಿನ ಕಾರುಗಳು ಹೈವೇ ಬಿಟ್ಟು ಇತ್ತ ಹೊರಳುತ್ತವೆ. ಮನೆಯಲ್ಲಿ ಮಂಚ, ಫ್ಯಾನು, ಸೊಳ್ಳೆಪರದೆ ಎಲ್ಲ ಇರುವ ಜನ ಅದನ್ನೆಲ್ಲ ಬಿಟ್ಟು ನೆಲದ ಮೇಲೆ ಮಲಗಲು ಬರುತ್ತಾರೆ. ಹಾಗೆ ಬಂದವರನ್ನು ಸುಖವಾಗಿ ಮಲಗಿಸುವ ಕೆಲಸ ಸಣ್ಣಪ್ಪನದು.

ಸಣ್ಣಪ್ಪನಿಗೆ ಟೆಂಟು ಹಾಕುವುದನ್ನು ಯಾರೂ ಕಲಿಸಲಿಲ್ಲ. ಅವನು ಕುರಿಯ ಹಿಂದೆ ಬೆಳೆದವನು. ಪ್ರಾಯದಲ್ಲಿ ಮಂದೆ ಹೊಡೆದುಕೊಂಡು ಹೊಳಲ್ಕೆರೆ ಸೀಮೆಯವರೆಗೂ ಹೋಗಿ, ಕಂಡವರ ಹೊಲದಲ್ಲಿ ಕುರಿ ನಿಲ್ಲಿಸಿ, ಕಂಬಳಿ ಹೊದ್ದು ಮಲಗಿದವನು. ಗಾಳಿ ಯಾವ ತಿಂಗಳಲ್ಲಿ ಯಾವ ಕಡೆಯಿಂದ ಬೀಸುತ್ತದೆ, ಮಳೆಯ ನೀರು ಯಾವ ತಗ್ಗಿಗೆ ಹರಿಯುತ್ತದೆ ಎನ್ನುವುದು ಅವನಿಗೆ ಮಲಗಿ ಎದ್ದು ಗೊತ್ತಾದ ವಿದ್ಯೆ. ಕುರಿ ಮಾರಿದ ಮೇಲೆ ಕ್ಯಾಂಪು ಸೇರಿದ. ರವೀಂದ್ರ ಅವನಿಗೆ ಒಂದು ಟೋಪಿ ಕೊಟ್ಟ. ಆ ಟೋಪಿ ಹಾಕಿಕೊಂಡರೆ ಸಣ್ಣಪ್ಪನ ಮಾತಿಗೆ ಬೇರೆಯೇ ಗತ್ತು ಬರುತ್ತಿತ್ತು.

ಟೆಂಟಿನ ಬಾಗಿಲ ವಿಷಯದಲ್ಲಂತೂ ಅವನದು ಹಟ. ಬಾಗಿಲು ಯಾವತ್ತೂ ಗಾಳಿಗೆ ಬೆನ್ನು ಹಾಕಿರಬೇಕು. ಬಂದವರು ನೀರು ಕಾಣುವ ಹಾಗೆ ತಿರುಗಿಸು ಎಂದು ಗಂಟುಬೀಳುತ್ತಿದ್ದರು. ಇವನು ಜಗ್ಗುತ್ತಿರಲಿಲ್ಲ.

"ಸಾರ್, ನೀರು ನೋಡಾಕೆ ಇಡೀ ಹಗಲು ಐತೆ. ಈ ಕಡೀಕೆ ಬಾಗ್ಲು ಇಕ್ಕಿದ್ರೆ ಗಾಳಿ ಒಳಗ್ ನುಗ್ಗಿ ಟೆಂಟು ಬುಗ್ಗೆ ಆಗ್ತೈತೆ. ಆಮೇಲೆ ನೀವು ನೀರು ನೋಡಾದೇನು, ನೀರೊಳಗೇ ಮಲಗ್ತೀರಿ" ಎನ್ನುತ್ತಿದ್ದ. ಜನ ನಗುತ್ತಿದ್ದರು, ಒಪ್ಪಿಕೊಳ್ಳುತ್ತಿದ್ದರು.

ಈ ಸಲದ ಬೇಸಿಗೆಯ ಕೊನೆಗೆ ಅವನ ಹೆಸರು ಇನ್ನಷ್ಟು ಮೇಲೇರಿತು. ದಾವಣಗೆರೆಯ ಒಂದು ಸಂಸಾರ ಬಂದಿತ್ತು. ಸಂಜೆ ಇದ್ದಕ್ಕಿದ್ದಂತೆ ಬಿರುಗಾಳಿ ಮಳೆ. ಅವರ ಕಾಲೇಜು ಓದುವ ಮಗಳು ಒಬ್ಬಳೇ ಒಂದು ಟೆಂಟಿನೊಳಗೆ ಸಿಕ್ಕಿಕೊಂಡು ಚೀರಿದಳು. ಟೆಂಟಿನ ಕೋಲು ಬಾಗಿ ಇನ್ನೇನು ಮುರಿಯಬೇಕು, ಸಣ್ಣಪ್ಪ ಓಡಿಹೋಗಿ ಬೆನ್ನನ್ನು ಗಾಳಿಗೆ ಕೊಟ್ಟು ಕೋಲನ್ನು ಎದೆಗೆ ಅವಚಿಕೊಂಡು ನಿಂತ. ಮಳೆ ನಿಲ್ಲುವ ತನಕ ಕದಲಲಿಲ್ಲ. ಹುಡುಗಿಯ ತಂದೆ ಅವನ ಎರಡೂ ಕೈ ಹಿಡಿದುಕೊಂಡು ಕಣ್ಣಲ್ಲಿ ನೀರು ತಂದುಕೊಂಡರು.

ಇದನ್ನು ಸಣ್ಣಪ್ಪ ಕ್ಯಾಂಪಿನಲ್ಲಿ ಹೇಳಿದ, ಟೀ ಅಂಗಡಿಯಲ್ಲಿ ಹೇಳಿದ, ಮನೆಯಲ್ಲಿ ಉಣ್ಣಲು ಕುಂತಾಗಲೆಲ್ಲ ಹೇಳಿದ. ಅವನ ಮಗಳು ಮೇಘಶ್ರೀ ಹೊಸದುರ್ಗದ ಕಾಲೇಜಿನಲ್ಲಿ ಬಿ.ಎಸ್ಸಿ. ಓದುವವಳು, ಬಾಯಿ ಸ್ವಲ್ಪ ಚುರುಕು. "ಅಪ್ಪ ಹಿಡ್ಕಂಡ ಕೋಲು ದಿನಾ ಒಂದು ಗೇಣು ಉದ್ದ ಆಗ್ತೈತೆ ಕಣವ್ವ" ಎಂದು ತಾಯಿಯ ಹತ್ತಿರ ಅಣಕಿಸುತ್ತಿದ್ದಳು. ಸಣ್ಣಪ್ಪನೂ ನಗುತ್ತಿದ್ದ. ಮಗಳೆಂದರೆ ಅವನಿಗೆ ಜೀವ.

ಆ ಜೀವ ತಿಂಗಳಿಗೊಮ್ಮೆ ಮನೆಯ ಹೊರಗೆ ಮಲಗುತ್ತಿತ್ತು.

ಸಣ್ಣಪ್ಪನ ಹಟ್ಟಿಯಲ್ಲಿ ಮುಟ್ಟಾದ ಹೆಂಗಸರು ಹಟ್ಟಿಯೊಳಗೆ ಕಾಲಿಡುವಂತಿಲ್ಲ. ಹಟ್ಟಿಯ ನಡುವೆ ಮುಳ್ಳುಬೇಲಿ ಕಟ್ಟಿದ ದೇವರ ಗುಡಿ ಇದೆ, ಮೈಲಿಗೆ ಆಗಬಾರದು. ಪಡುವಣ ದಿಕ್ಕಿನ ಹುಣಸೆಮರದಾಚೆ ಮೂರು ಗೋಡೆಯ, ತಗಡು ಹೊದಿಸಿದ ಒಂದು ಗೂಡಿದೆ. ಆ ದಿನಗಳಲ್ಲಿ ಅವರ ಸಂಸಾರ ಅಲ್ಲಿ. ಊಟ ತಂದುಕೊಡುವವರು ತಟ್ಟೆಯನ್ನು ಕಲ್ಲಿನ ಮೇಲಿಟ್ಟು ಹಿಂದೆ ಸರಿಯಬೇಕು. ಅಪ್ಪಿತಪ್ಪಿ ಸೋಕಿದರೆ ಸ್ನಾನ ಮಾಡಿ, ಗಂಜಲ ಚಿಮುಕಿಸಿಕೊಂಡು ಮನೆಗೆ ಹೋಗಬೇಕು. ಮೇಘಶ್ರೀ ಆ ಗೂಡಿನಿಂದಲೇ ತಯಾರಾಗಿ ಕಾಲೇಜಿಗೆ ಹೋಗುತ್ತಿದ್ದಳು. ಬಸ್ಸಿನಲ್ಲಿ ಹತ್ತು ಜನರ ಮೈ ಸೋಕುತ್ತಿತ್ತು, ಲ್ಯಾಬಿನಲ್ಲಿ ಎಲ್ಲರೂ ಮುಟ್ಟುವ ಗಾಜನ್ನು ಮುಟ್ಟುತ್ತಿದ್ದಳು, ಯಾವ ದೇವರೂ ಏನೂ ಅನ್ನಲಿಲ್ಲ. ಸಂಜೆ ಬಸ್ಸಿಳಿದು ಹುಣಸೆಮರ ಬಂತೆಂದರೆ ಮುಗಿಯಿತು, ಅವಳು ಮುಟ್ಟಬಾರದವಳು. ಹೇಳುವುದಕ್ಕೇ ನಾಚಿಕೆಯಾಗುವ ಮಾತು ಇದು.

ಸಣ್ಣಪ್ಪ ಇದರ ಬಗ್ಗೆ ಯೋಚಿಸಿರಲಿಲ್ಲ ಎನ್ನುವಂತಿಲ್ಲ. ಜ್ಯೇಷ್ಠದಲ್ಲಿ ಒಂದು ಮಳೆಗೆ ತಗಡು ಸೋರಿ ಮಗಳು ಬೆಳತನಕ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕುಂತಿದ್ದು ಅವನಿಗೆ ಗೊತ್ತಾಗಿತ್ತು. ಅವಳನ್ನು ಒಳಗೆ ಕರೆದುಕೊಳ್ಳಬಹುದು ಎನ್ನುವುದೊಂದು ಬಿಟ್ಟು ಬೇರೆಲ್ಲ ಯೋಚನೆ ಮಾಡಿದ. ಕೊನೆಗೆ ಕ್ಯಾಂಪಿನಲ್ಲಿ ಜಿಪ್ಪು ಕೆಟ್ಟು ಮೂಲೆಗೆ ಬಿದ್ದಿದ್ದ ಒಂದು ಟೆಂಟು ಕಣ್ಣಿಗೆ ಬಿತ್ತು. ರವೀಂದ್ರನನ್ನು ಕೇಳಿದ. ಅವನು ಬಿಸಾಕುವುದನ್ನು ಒಯ್ಯಿ ಎಂದ. ಸಣ್ಣಪ್ಪ ಜಿಪ್ಪು ಹೊಲಿಸಿ, ಹರಿದಲ್ಲಿ ತೇಪೆ ಹಾಕಿಸಿ, ಆಷಾಢದ ಒಂದು ದಿನ ಅದನ್ನು ಗಾಡಿಗೆ ಕಟ್ಟಿಕೊಂಡು ಹಟ್ಟಿಗೆ ತಂದ. ಮಗಳು ಆವತ್ತು ಹೊರಗಿದ್ದಳು.

ಗೂಡಿನ ಪಕ್ಕದ ದಿಬ್ಬದ ಮೇಲೆ ಟೆಂಟು ಎಬ್ಬಿಸುವಾಗ ಹಟ್ಟಿಯೇ ನೋಡಲು ಬಂತು. ಅವನು ನೆಲ ಕೆತ್ತಿ ಮಟ್ಟಮಾಡಿದ, ಸುತ್ತ ಕಾಲುವೆ ತೋಡಿದ, ಗೂಟ ಬಡಿದ. ಮೇಘಶ್ರೀ ಗೂಡಿನ ಬಾಯಲ್ಲಿ ನಿಂತು ನೋಡುತ್ತಿದ್ದಳು. ಅವಳ ಮುಖವೂ ಅರಳಿತ್ತು. ಇದನ್ನು ಮರೆಯಬಾರದು, ಆಗ ಅವಳಿಗೆ ನಿಜವಾಗಿಯೂ ಸಂತೋಷವಾಗಿತ್ತು.

ಗುಡಿಯ ಪೂಜಾರಿ ಗೊಲ್ಲಪ್ಪ ಬಂದ. ಸಣ್ಣಪ್ಪನ ದೊಡ್ಡಪ್ಪನ ಮಗ, ಹಟ್ಟಿಯಲ್ಲಿ ಅವನ ಮಾತೇ ಮಾತು. ಟೆಂಟನ್ನು ಒಂದು ಸುತ್ತು ಹಾಕಿ ನೋಡಿ, "ಲೇ ಸಣ್ಣಪ್ಪ, ಬಲೇ ಚೆಂದಾಗೈತೆ ಕಣೋ. ಹೊರಗಡೀಕೇ ಇರಾದ್ರಿಂದ ದೇವ್ರಿಗೂ ಏನೂ ಅಡ್ಡಿಲ್ಲ. ಬಾಗ್ಲೊಂದು ಆ ಕಡೀಕೆ ತಿರುಗ್ಸು, ಗುಡಿ ಕಾಣಂಗಿರಬಾರ್ದು" ಎಂದ.

ಆ ಕಡೆ ಎಂದರೆ ಪಡುವಣ. ಆಷಾಢದ ಗಾಳಿ ಬೀಸುವುದೇ ಆ ಕಡೆಯಿಂದ.

ಸಣ್ಣಪ್ಪನ ಕೈ ಒಂದು ಗಳಿಗೆ ನಿಂತಿತು. ಬೆಂಗಳೂರಿನ ದೊಡ್ಡ ದೊಡ್ಡ ಸಾಹೇಬರ ಮಾತಿಗೆ ಬಗ್ಗದಿದ್ದವನು ಗೂಟ ಕಿತ್ತು, ಟೆಂಟು ತಿರುಗಿಸಿ, ಬಾಗಿಲನ್ನು ಗಾಳಿಯ ಕಡೆಗೇ ಇಟ್ಟ.

"ಅಪ್ಪಾ, ಗಾಳಿಗೆ ಬಾಗ್ಲು ಇಕ್ಕಬಾರ್ದು ಅಂತ ನೀನೇ ಹೇಳ್ತಿದ್ಯಲ್ಲ?" ಎಂದಳು ಮೇಘಶ್ರೀ.

"ಅದು ಅಲ್ಲಿಗೆ ಕಣವ್ವ. ಇಲ್ಲಿ ಮರ ಅಡ್ಡ ಐತೆ, ಏನೂ ಆಗಲ್ಲ" ಎಂದ. ಮರ ಇದ್ದದ್ದು ಇನ್ನೊಂದು ಕಡೆಗೆ. ಮಗಳು ಮರ ನೋಡಿದಳು, ಅಪ್ಪನನ್ನು ನೋಡಿದಳು, ಚಾಪೆ ತೆಗೆದುಕೊಂಡು ಟೆಂಟಿನೊಳಗೆ ಹೋದಳು.

ಸಣ್ಣಪ್ಪನನ್ನು ಹೊಗಳುವವರೇ ಎಲ್ಲ. ಅಪ್ಪ ಅಂದರೆ ಹೀಗಿರಬೇಕು ಎಂದರು. ಪುಟ್ಟಕ್ಕ ಎಂಬಾಕೆ ತನ್ನ ಸೊಸೆಗೂ ಇಂಥದೊಂದು ತಂದುಕೊಡು ಎಂದು ದುಂಬಾಲು ಬಿದ್ದಳು. ಹೆಂಡತಿ ನಿಂಗಕ್ಕನಿಗೆ ಹೆಮ್ಮೆಯೋ ಹೆಮ್ಮೆ. ಸಣ್ಣಪ್ಪನೂ ಗುಡಿಯ ಮುಂದಿನ ಕಟ್ಟೆಯ ಮೇಲೆ ಕುಂತು ದಾವಣಗೆರೆ ಹುಡುಗಿಯ ಕತೆಯನ್ನು ಮತ್ತೊಂದು ಸಲ ಶುರುಮಾಡಿದ. ಬಾಗಿಲಿನ ವಿಷಯ ಮನಸ್ಸಿನ ಮೂಲೆಯಲ್ಲಿ ಚುಚ್ಚುತ್ತಿತ್ತು, ಹೊಗಳಿಕೆ ಅದನ್ನು ಮುಚ್ಚಿತು.

ಕತೆ ಇನ್ನೂ ಅರ್ಧಕ್ಕೆ ಬಂದಿರಲಿಲ್ಲ, ಪಡುವಣದಲ್ಲಿ ಕಪ್ಪಾಯಿತು. ಹೊತ್ತು ಮುಳುಗುವುದಕ್ಕೆ ಮೊದಲೇ ಗಾಳಿ ಎದ್ದಿತು, ಹಿಂದೆಯೇ ದಪ್ಪ ಹನಿಗಳ ಮಳೆ. ಸಣ್ಣಪ್ಪ ಟವೆಲ್ಲು ತಲೆಗೆ ಹಾಕಿಕೊಂಡು ದಿಬ್ಬದ ಕಡೆಗೆ ಓಡಿದ. ಟೆಂಟು ಆಗಲೇ ಗಾಳಿ ಕುಡಿದು ಉಬ್ಬಿತ್ತು. ಹೊಲಿಸಿದ ಜಿಪ್ಪು ಕಿತ್ತು ಬಾಗಿಲಿನ ಬಟ್ಟೆ ಪಟಪಟ ಬಡಿಯುತ್ತಿತ್ತು. ಒಳಗೆ ಮೇಘಶ್ರೀ ಮಂಡಿಯೂರಿ ಎರಡೂ ಕೈಯಲ್ಲಿ ಕೋಲು ಹಿಡಿದುಕೊಂಡಿದ್ದಳು. ಮಳೆ ನೇರ ಅವಳ ಮುಖಕ್ಕೆ ಹೊಡೆಯುತ್ತಿತ್ತು.

ಸಣ್ಣಪ್ಪ ಅಲ್ಲಿಯವರೆಗೂ ಓಡಿದವನು ಟೆಂಟಿನ ಹಗ್ಗ ಕಾಲಿಗೆ ತಾಗುವಷ್ಟು ಹತ್ತಿರ ಬಂದು ನಿಂತುಬಿಟ್ಟ. ಅವಳು ಒಳಗಿದ್ದ ಟೆಂಟು. ಮುಟ್ಟಿದರೆ ಅವಳನ್ನು ಮುಟ್ಟಿದ ಹಾಗೆ. ಹಿಂದೆ ತಿರುಗಿ ನೋಡಿದರೆ ಹಟ್ಟಿಯ ಸೂರುಗಳ ಕೆಳಗೆಲ್ಲ ಜನ ನಿಂತು ನೋಡುತ್ತಿದ್ದರು. ಮುಟ್ಟಿದ್ದರೆ ಆಗುತ್ತಿದ್ದದ್ದೇನು, ತಲೆಯ ಮೇಲೆ ನಾಲ್ಕು ಚೊಂಬು ನೀರು ಸುರಿದುಕೊಳ್ಳಬೇಕಾಗುತ್ತಿತ್ತು. ಆ ನೀರು ಆಗಲೇ ಆಕಾಶದಿಂದ ಸುರಿಯುತ್ತಿತ್ತು. ಆದರೂ ಅವನ ಕೈ ಮೇಲೇಳಲಿಲ್ಲ.

"ಮೇಘಾ, ಆ ಕೋಲು ಬಗ್ಗಿಸ್ಬ್ಯಾಡ! ಎಡಗಡೆ ಹಗ್ಗ ಎಳಿ! ಎದೀಗ್ ಒತ್ತಿ ಹಿಡ್ಕಳವ್ವ!" ಎಂದು ಕೂಗಿದ.

ಅವಳು ಎಳೆದಳು. ಗೂಟ ಕಿತ್ತು ಬಂತು. ಟೆಂಟಿನ ಒಂದು ಮಗ್ಗುಲು ಅವಳ ಮೇಲೆ ಕುಸಿಯಿತು.

"ಇನ್ನೊಂದು ಕಡೀದು ಹಿಡ್ಕ!" ಇವನು ಮತ್ತೆ ಕೂಗಿದ.

ಬಟ್ಟೆ ಸರಿಸಿಕೊಂಡು ಮೇಘಶ್ರೀ ಹೊರಗೆ ಮುಖ ಹಾಕಿದಳು. ಕೂದಲು ಮುಖಕ್ಕೆ ಅಂಟಿತ್ತು. ಅಳುತ್ತಿರಲಿಲ್ಲ.

"ಅಪ್ಪಾ, ನಾನೂ ಕ್ಯಾಂಪಿಗೆ ಬುಕಿಂಗ್ ಮಾಡ್ಸಿದ್ರೆ ಬರ್ತಿದ್ಯೇನು?"

ಈ ಮಾತು ಬಿದ್ದಾಗ ಸಣ್ಣಪ್ಪನಿಗೆ ಮಳೆಯ ಸದ್ದು ಕೇಳಿಸಲಿಲ್ಲ. ಒಂದು ಹೆಜ್ಜೆ ಮುಂದಿಟ್ಟ. ಇಟ್ಟದ್ದು ನಿಜ, ಅದನ್ನೂ ಹೇಳಬೇಕು. ಅಷ್ಟರಲ್ಲಿ ಹಿಂದಿನಿಂದ ಗೊಲ್ಲಪ್ಪನ ದನಿ ಬಂತು. "ಸಣ್ಣಪ್ಪಾ!" ಅಷ್ಟೇ, ಹೆಸರು ಕೂಗಿದ್ದು. ಬೈಗುಳವಲ್ಲ, ಗದರಿಕೆಯೂ ಅಲ್ಲ. ಇಟ್ಟ ಹೆಜ್ಜೆ ಅಲ್ಲೇ ನಿಂತಿತು. ಅದು ನಿಂತದ್ದನ್ನು ಮಗಳು ನೋಡಿದಳು.

ಅವಳು ಕೋಲು ಬಿಟ್ಟಳು. ಟೆಂಟು ನೆಲಕ್ಕೆ ಮಲಗಿತು. ಚಾಪೆ ಸುತ್ತಿ ಕಂಕುಳಲ್ಲಿ ಇರುಕಿಕೊಂಡು, ಅಪ್ಪನಿಗೆ ಎಲ್ಲಿ ತಗುಲೀತೋ ಎಂದು ದೂರದಿಂದ ಬಳಸಿಕೊಂಡು, ಸೋರುವ ಗೂಡಿನೊಳಗೆ ಹೋದಳು.

ಸಣ್ಣಪ್ಪ ಮನೆಗೆ ಬಂದ. ನಿಂಗಕ್ಕ ಬಾಗಿಲಲ್ಲೇ ತಡೆದಳು.

"ಮುಟ್ಟಿಲ್ಲ ತಾನೆ?"

"ಇಲ್ಲ."

"ಸದ್ಯ. ಒಳಗ್ ಬಾ ಮತ್ತೆ, ನೆಂದು ತೊಪ್ಪೆ ಆಗಿದೀಯ, ಜ್ವರ ಗಿರ ಬಂದಾತು."

ಅವನು ಒಳಗೆ ಹೋದ. ಒಣ ಪಂಚೆ ಕೊಟ್ಟಳು, ಉಟ್ಟ. ಒಲೆಯ ಮುಂದೆ ಕುಂತ್ಕ ಎಂದಳು, ಕುಂತ. ಬೆಂಕಿಯ ಕಾವು ಮೈಗೆ ಹಿತವಾಗುತ್ತ ಬಂದ ಹಾಗೆ ಅವನಿಗೆ ತನ್ನ ಮೈಯೇ ಹೇಸಿಗೆ ಎನಿಸಿತು. ಯಾರದೋ ಮಗಳಿಗೆ ಎದೆ ಕೊಟ್ಟು ನಿಂತಿದ್ದೆನಲ್ಲ, ಅದನ್ನು ಊರೆಲ್ಲ ಹೇಳಿಕೊಂಡು ತಿರುಗಿದೆನಲ್ಲ ಎಂದು ತಲೆ ಮೇಲೆತ್ತಲಾಗಲಿಲ್ಲ.

ಮಳೆ ತೆಗೆಯಿತು. ಜನ ತಮ್ಮ ತಮ್ಮ ಮನೆ ಸೇರಿದರು. ನಿಂಗಕ್ಕ ಮಗಳಿಗೆ ತಟ್ಟೆ ಹಾಕಿದಳು. ಸಣ್ಣಪ್ಪ ಎದ್ದು, ತಾನೇ ಕೊಟ್ಟು ಬರುತ್ತೇನೆ ಎಂದು ತಟ್ಟೆ ತೆಗೆದುಕೊಂಡ. ಹುಣಸೆಮರ ದಾಟುವಾಗ ಒಂದು ನಿರ್ಧಾರ ಮಾಡಿದ. ಮುದ್ದೆ ಬಿಸಿಯಾಗಿತ್ತು, ತಟ್ಟೆ ಕೈ ಸುಡುತ್ತಿತ್ತು. ಹೆಜ್ಜೆ ಬಿರುಸಾಯಿತು.

ಮೇಘಶ್ರೀ ಗೋಡೆಗೊರಗಿ ಕುಂತಿದ್ದಳು. ಒದ್ದೆ ಬಟ್ಟೆ ಬದಲಾಯಿಸಿರಲಿಲ್ಲ. ಸಣ್ಣಪ್ಪ ಕಲ್ಲಿನ ಹತ್ತಿರ ನಿಲ್ಲಲಿಲ್ಲ. ಅದನ್ನು ದಾಟಿ ಗೂಡಿನೊಳಕ್ಕೇ ಬಂದ. ಬಾಗಿ, ತಟ್ಟೆಯನ್ನು ಅವಳ ಮುಂದೆ ಚಾಚಿದ.

"ತಗಾ ನನ್ನವ್ವ. ನನ್ ಕೈಯಿಂದ ತಗಾ."

ಮಗಳು ಅವನ ಮುಖ ನೋಡಿದಳು. ಆಮೇಲೆ ಅವನ ಹಿಂದೆ ಹಟ್ಟಿಯ ಕಡೆಗೆ ನೋಡಿದಳು. ಎಲ್ಲ ಬಾಗಿಲೂ ಮುಚ್ಚಿದ್ದವು. ಅವಳು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಕೆಳಗಿಡಪ್ಪ. ಈಗ ಯಾರೂ ನೋಡ್ತಿಲ್ಲ ಅಂತ ಕೊಡ್ತಿದೀಯ."

ಸಣ್ಣಪ್ಪ ತಿರುಗಿ ಹೊರಗೆ ಬಂದು, ತಟ್ಟೆಯನ್ನು ಕಲ್ಲಿನ ಮೇಲಿಟ್ಟು, ಹಿಂದಕ್ಕೆ ಸರಿದು ನಿಂತ.