ಮಾವನ ಕಂಬಳಿ

ದುಂಡಸಿಗೆ ನಾ ಸೊಸಿಯಾಗಿ ಬಂದಾಗ ಯುದ್ಧ ನಡದಿತ್ತು. ಅದು ಎಲ್ಲಿ ನಡದಿತ್ತೋ ನಂಗ್ಯಾಕ? ಅಂಗಡ್ಯಾಗ ಅರಿಬಿ ಸಿಗ್ತಿದ್ದಿಲ್ಲ, ಅಷ್ಟು ಗೊತ್ತಿತ್ತು. ಹರಕ ಸೀರಿ ಉಟಗೊಂಡು, ಮಾಗಿ ಚಳಿಯಾಗ, ನಸುಕಿನ್ಯಾಗ ಜ್ವಾಳ ಕೊಯ್ಯಾಕ ಹೋಗಬೇಕಿತ್ತು. ದಂಟು ಮುಟ್ಟಿದ್ರ ಸಾಕು, ಇಬ್ಬನಿ ಮೈಮ್ಯಾಲೆ ಸುರೀತಿತ್ತು. ಕುಡಗೋಲು ಹಿಡದ ಬೆರಳು ನನ್ನವೋ ಇನ್ನೊಬ್ಬರವೋ ತಿಳೀತಿದ್ದಿಲ್ಲ.

ಮಾವಗೇನ್ರಿ, ಕಂಬಳಿ ತಲಿಮ್ಯಾಲಿಂದ ಮಾರಿ ಕಾಣದಂಗ ಕೊಪ್ಪಿ ಹಾಕ್ಕೊಂಡು ಬದುವಿನ ಮ್ಯಾಲೆ ಬೆಂಕಿ ಕಾಸ್ತಿದ್ದ. ಅವನ ಎದುರು ಸೊಸಿ ಕುಂಡ್ರಬಾರದು, ಮರ್ಯಾದಿ ಹೋಗ್ತದಂತ. ಸುಡ್ಲಿ ಮರ್ಯಾದಿ! ಅತ್ತಿಯಂತೂ ನಾ ಒಂದ್ ಗಳಿಗಿ ನಿಂತ್ರ ಸಾಕು, "ಏನ ನೋಡ್ತೀ, ಸಾಲು ಹಿಡಿ" ಅಂತಿದ್ಲು. ರಾಕ್ಷಸಿ. ಆವತ್ತ ಖರೇನ ಮನಸ ಗಟ್ಟಿ ಮಾಡಿದ್ದೆ: ಬಿಸಲೇರಿದ ಕೂಡ್ಲೆ ಕುಡಗೋಲು ಒಗದು ತೌರಮನಿಗೆ ನಡದುಬಿಡೂದು, ತಿರುಗಿ ಬರೂದಿಲ್ಲ.

ಅಷ್ಟರಾಗ ಮಾವ, ಕಂಬಳಿ ತೊಯ್ದೀತಂತ ಕಳದಿಟ್ಟು, ತಂಬಿಗಿ ಹಿಡಕೊಂಡು ಹಳ್ಳದ ಕಡೆ ಹೋದ. ದೇವರು ಕಣ್ಣು ಬಿಟ್ಟ! ಓಡಿಹೋಗಿ ಆ ಕಂಬಳಿ ತಲಿಮ್ಯಾಲೆ ಕವುಚಿಕೊಂಡು ಬೆಂಕಿ ಮುಂದ ಕುಂತೆ. ತಂಬಾಕ, ಕುರಿ, ಮಾವ, ಎಲ್ಲಾದರ ವಾಸನಿ ಹೊಡೀತಿತ್ತು. ಸ್ವರ್ಗ.

ಮಂಜಿನ್ಯಾಗ ಅತ್ತಿ ಬಂದು ನನ್ನ ಬೆನ್ನ ಹಿಂದ ನಿಂತ್ಲು.

"ಕೇಳ್ರಿಲ್ಲೆ," ಅಂದ್ಲು ಮೆಲ್ಲಕ. "ಆ ಹುಡುಗಿ ತುಟಿ ನೀಲಿಗಟ್ಟ್ಯಾವ. ನಿಮ್ಮ ಕಂಬಳಿ ಅಕೀಗೆ ಕೊಡ್ರಿ. ನಾ ಹೇಳೇನಿ ಅನಬ್ಯಾಡ್ರಿ ಮತ್ತ, ಅಕೀಗೆ ನನ್ನ ಹೆದರಿಕಿ ಇಲ್ಲದಂಗಾದೀತು."

ನಾ ಮಾವನಂಗ ದಪ್ಪ ದನಿ ಮಾಡಿ "ಹೂಂ" ಅಂದೆ. ಇನ್ನೇನ್ ಮಾಡ್ಲಿ?

"ನಿಮ್ಮವ್ವ ನನ್ನ ಒಂದ್ ಚಳಿಗಾಲನೂ ಬೆಂಕಿ ಹತ್ರ ಬಿಡಲಿಲ್ಲ," ಅಂದ್ಲು. "ಇಕಿಗೂ ಹಂಗ ಆಗೂದು ಬ್ಯಾಡ."

ನಂಗ ಅಳು ಬಂತು. ಅದೇ ಹೊತ್ತಿಗೆ ಹಳ್ಳದಿಂದ ಮಾವ, ಹಲ್ಲು ಕಟಕಟ ಅನಿಸಿಕೋತ, ತಂಬಿಗಿ ಸಮೇತ ಬಂದ. ಅತ್ತಿ ಅವನ್ನ ನೋಡಿದ್ಲು, ನನ್ನ ಕೊಪ್ಪಿ ಹಿಂದಕ್ಕ ಜಗ್ಗಿದ್ಲು. ಬಿತ್ತು ಕಪಾಳಕ್ಕ ಅಂತ ಕಣ್ಣು ಮುಚ್ಚಿದೆ.

ಹೊಡತ ಬೀಳಲಿಲ್ಲ. "ನನ್ನ ಕಂಬಳಿ!" ಅಂದ ಮಾವ.

"ನಿಮಗ ಬೆಂಕಿ ಐತ್ಯಲ್ಲ, ಸುಮ್ಮ ಕುಂಡ್ರಿ," ಅಂದ್ಲು ಅತ್ತಿ. ನನ್ನ ಕಡೆ ತಿರುಗಿ, "ಕೊಪ್ಪಿ ಹಾಕ್ಕೊಳ್ಳಾಕೂ ಬರೂದಿಲ್ಲ ಇದಕ್ಕ," ಅಂತ ಬೈಕೋತ, ಕಂಬಳಿ ಮತ್ತ ತಲಿಮ್ಯಾಲೆ ಎಳದು, ಗದ್ದದ ಕೆಳಗ ಬಿಗಿಯಾಗಿ ಸೇರಿಸಿದ್ಲು. ಅಕಿ ಬೆರಳು ನನ್ನ ಕುತ್ತಿಗಿಗೆ ತಾಗಿದೂವು. ನನ್ನವಕ್ಕಿಂತ ತಣ್ಣಗಿದ್ದೂವು.