ಅಣ್ಣನ ಖಾಲಿ ಅಂಗೈ

ಸತ್ತವರ ಹೆಸರಿನಲ್ಲಿ ಇಟ್ಟ ಅನ್ನವನ್ನು ಕಾಗೆ ಮುಟ್ಟಿದರೆ ಅವರಿಗೆ ತೃಪ್ತಿಯಾಯಿತು ಎನ್ನುವ ಮಾತನ್ನು ನಾನು ನಂಬುತ್ತಿರಲಿಲ್ಲ. ಕಾಗೆಗೆ ಹಸಿವಾದರೆ ಬರುತ್ತದೆ, ಇಲ್ಲದಿದ್ದರೆ ಇಲ್ಲ, ಅಷ್ಟೇ ಎಂದುಕೊಂಡಿದ್ದೆ. ಈಗಲೂ ಪೂರ್ತಿ ನಂಬುತ್ತೇನೆಂದು ಹೇಳಲಾರೆ. ಆದರೆ ಕೆಲವು ವರ್ಷಗಳ ಹಿಂದೆ ವಿಜಯವಾಡದಲ್ಲಿ, ನನ್ನ ಅಣ್ಣನ ಮನೆಯ ತಾರಸಿಯ ಮೇಲೆ, ಹಾಡುಹಗಲಿನಲ್ಲಿ, ಮನೆಯವರೆಲ್ಲರ ಕಣ್ಣೆದುರಿಗೆ ಒಂದು ಸಂಗತಿ ನಡೆಯಿತು. ಅದನ್ನು ಕಂಡ ಹಾಗೆ ಬರೆಯುತ್ತೇನೆ. ಓದಿ ನೀವು ನಕ್ಕರೂ ನನಗೆ ಬೇಸರವಿಲ್ಲ.

ನಾವು ತುಮಕೂರು ಕಡೆಯವರು. ಅಣ್ಣ ಬ್ಯಾಂಕಿನ ಕೆಲಸದಲ್ಲಿದ್ದ. ವರ್ಗವಾಗಿ ವಿಜಯವಾಡಕ್ಕೆ ಹೋದವನು ಅಲ್ಲಿಯ ತೆಲುಗಿನವರ ಮನೆಯಲ್ಲೇ ಹೆಣ್ಣು ತಂದು ಅಲ್ಲಿಯೇ ನೆಲೆಯೂರಿದ. ಅವನ ಬೆನ್ನಿಗೆ ನಾನೂ ಬಂದು ಅಚ್ಯುತಾಪುರಂನ ಒಂದು ಕಾರ್ಖಾನೆ ಸೇರಿ, ವಿಶಾಖಪಟ್ಟಣದಲ್ಲಿ ಮನೆ ಮಾಡಿದೆ. ಅಮ್ಮ ಅಣ್ಣನ ಜೊತೆಗಿದ್ದಳು. ಅವನ ಒಬ್ಬಳೇ ಮಗಳು ಸುಮಾ ನನ್ನನ್ನು ಚಿಕ್ಕಪ್ಪ ಎನ್ನುವುದಿಲ್ಲ, ತೆಲುಗಿನ ರೂಢಿಯಂತೆ ಬಾಬಾಯ್ ಎನ್ನುತ್ತಾಳೆ. ಅಜ್ಜಿಯ ಹತ್ತಿರ ಮಾತ್ರ ಅವಳದು ಕನ್ನಡ, ಅದೂ ಅರ್ಧ.

ಅಣ್ಣನ ಮನೆ ದೇವಿಯ ಗುಡಿಯಿರುವ ಇಂದ್ರಕೀಲಾದ್ರಿ ಬೆಟ್ಟದ ಮಗ್ಗುಲಲ್ಲಿ. ಬೆಟ್ಟದ ಕೋತಿಗಳು ಬೆಳಗಾದರೆ ತಾರಸಿಗೆ ಇಳಿಯುತ್ತಿದ್ದವು. ಅಮ್ಮ ಒಣಹಾಕಿದ ಹಪ್ಪಳ ಕಾಣೆಯಾಗುತ್ತಿತ್ತು, ನೀರಿನ ಟ್ಯಾಂಕಿನ ಮುಚ್ಚಳ ಬೀದಿಯಲ್ಲಿ ಸಿಗುತ್ತಿತ್ತು. ಅಕ್ಕಪಕ್ಕದ ಮನೆಯವರು ಕೋಲು ಹಿಡಿಯುತ್ತಿದ್ದರು, ಇಲ್ಲವೇ ಬಾಳೆಹಣ್ಣು ಎಸೆದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಅಣ್ಣ ಎರಡನ್ನೂ ಮಾಡುತ್ತಿರಲಿಲ್ಲ. ಒಂದು ಬಾನಿಯಲ್ಲಿ ನೀರು ತುಂಬಿಸಿಟ್ಟು, ಟ್ಯಾಂಕಿನ ನೆರಳಲ್ಲಿ ನೆಲದ ಮೇಲೆ ಕೂತು, ತನ್ನ ಅಂಗೈಗಳನ್ನು ಅಗಲಿಸಿ ಅವಕ್ಕೆ ತೋರಿಸುತ್ತಿದ್ದ. ಅವನು ಎಡಚ. ಮೊದಲು ಎಡಗೈ, ಆಮೇಲೆ ಬಲಗೈ. ಕೋತಿಗಳು ಆ ಕೈ ನೋಡಿ, ಈ ಕೈ ನೋಡಿ, ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ ನಿಧಾನವಾಗಿ ಅವನಿಂದ ದೃಷ್ಟಿ ತೆಗೆಯುತ್ತಿದ್ದವು. ಬಳಿಕ ಒಂದರ ಹಿಂದೊಂದು ಕೂತು ಹೇನು ಹೆಕ್ಕಲು ತೊಡಗುತ್ತಿದ್ದವು.

"ಇದನ್ನ ನೋಡೋಕೇ ಕೂತ್ಕೊಳೋದು ಕಣೋ," ಎಂದು ಅಣ್ಣ ಒಮ್ಮೆ ಹೇಳಿದ. "ಬೆಟ್ಟದ ಮೇಲೆ ಮೆಟ್ಟಿಲ ಹತ್ರ ನೋಡು. ಇಡೀ ದಿನ ಮನುಷ್ಯರ ಕೈ ಕಾಯ್ಕೊಂಡು ಕೂತಿರ್ತವೆ. ಯಾರ ಕೈಲಿ ಹಣ್ಣಿದೆ, ಯಾರ ಕೈಲಿ ಕೋಲಿದೆ, ಅದೇ ಧ್ಯಾನ. ಪಕ್ಕದಲ್ಲಿರೋದರ ಮುಖ ನೋಡೋಕೂ ಪುರುಸೊತ್ತಿಲ್ಲ. ಏನಾದ್ರೂ ಸಿಕ್ರೆ ಕಿತ್ತಾಟ. ನಮ್ಮ ಜೊತೆ ಇದ್ದೂ ಇದ್ದೂ ಅವಕ್ಕೆ ಒಂದಕ್ಕೊಂದು ಬೇಡವಾಗಿದೆ."

"ನಮ್ಮ ಕಾರ್ಖಾನೆ ಕ್ಯಾಂಟೀನೂ ಹಂಗೇ ಬಿಡು," ಎಂದೆ ನಾನು.

ಅತ್ತಿಗೆ ಬಟ್ಟೆ ಹರವುತ್ತಾ, "ನಿಮ್ಮಣ್ಣ ಬ್ಯಾಂಕಲ್ಲಿ ಲೋನ್ ಕೇಳೋಕೆ ಬಂದವರಿಗೂ ಹೀಗೇ ಎರಡೂ ಕೈ ತೋರಿಸ್ತಾರಂಡಿ," ಎಂದರು.

ನಾನೂ ಒಂದು ಸಲ ಅವನ ಹಾಗೆಯೇ ಕೂತು ನೋಡಿದೆ. ಆ ಗುಂಪಿನಲ್ಲಿ ಕಿವಿ ಹರಿದ ಒಂದು ದೊಡ್ಡ ಗಡವ ಇತ್ತು. ಅದು ನನ್ನ ಅಂಗೈ ನೋಡಿತು, ಮುಖ ನೋಡಿತು, ಹಲ್ಲು ಕಿರಿದು ನನ್ನ ಒಂದು ಚಪ್ಪಲಿಯನ್ನು ಎತ್ತಿಕೊಂಡು ಹೋಯಿತು. ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಕೈ ಖಾಲಿ ಇಟ್ಕೊಂಡು ಒದೆಯೋಕೆ ಕಾಲು ರೆಡಿ ಮಾಡ್ಕೊಂಡಿದ್ದೆಯಲ್ಲೋ, ಅದಕ್ಕೆ ಗೊತ್ತಾಗಲ್ವಾ?" ಅಂದ. ಸುಮಾ, ಅತ್ತಿಗೆ ಯಾರು ಕೈ ತೋರಿಸಿದರೂ ಅವು ನಂಬುತ್ತಿರಲಿಲ್ಲ. ನಂಬಿದ್ದು ಅವನೊಬ್ಬನನ್ನೇ. ಮುಂದಿನದನ್ನು ಓದುವಾಗ ಇದು ನಿಮ್ಮ ನೆನಪಿನಲ್ಲಿರಲಿ.

ಅಣ್ಣನಿಗೆ ಪಿತ್ತಕೋಶದ ಕಾಯಿಲೆ ಬಂತು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲೇ ಇದ್ದ. ತಾರಸಿಯ ಬಾನಿ ಒಣಗಿತು, ಕೋತಿಗಳು ಆ ಮನೆಯ ಕಡೆ ಬರುವುದನ್ನೇ ಬಿಟ್ಟವು ಎಂದು ಅತ್ತಿಗೆ ಫೋನಿನಲ್ಲಿ ಹೇಳಿದ್ದರು. ಕೊನೆಯ ದಿನಗಳಲ್ಲಿ ಅವನಿಗೆ ಊಟ ಸೇರುತ್ತಿರಲಿಲ್ಲ. ಅಮ್ಮ ಗಂಜಿ ಮಾಡಿ ಕಳಿಸುತ್ತಿದ್ದಳು, ಅದು ಹಾಗೆಯೇ ವಾಪಸು ಬರುತ್ತಿತ್ತು. ಹಾಗೆ ಹಸಿದುಕೊಂಡೇ ಹೋದ. ಅಮ್ಮನನ್ನು ಕೊರೆಯುತ್ತಿದ್ದದ್ದು ಅದೊಂದೇ. ಸಾವಿಗಿಂತ ಹೆಚ್ಚಾಗಿ ಅದು.

ಗಂಡು ಮಕ್ಕಳಿಲ್ಲದ್ದರಿಂದ ಕರ್ಮ ನಾನೇ ಮಾಡಿದೆ. ಹತ್ತನೆಯ ದಿನ ಕೃಷ್ಣಾ ತೀರದ ಘಾಟಿನಲ್ಲಿ ಪಿಂಡ ಇಟ್ಟು ಎಲ್ಲರೂ ದೂರ ನಿಂತೆವು. ಕಾಗೆಗಳು ಕಟ್ಟೆಯ ಮೇಲೆ ಕೂತಿದ್ದವು, ಇಳಿಯಲಿಲ್ಲ. ಹೀಗಾದಾಗ ಸತ್ತವರಿಗೆ ಏನೋ ಚಿಂತೆ ಉಳಿದಿದೆ ಎಂದು ಮನೆಯವರು ಒಬ್ಬೊಬ್ಬರಾಗಿ ಮಾತು ಕೊಡುವುದು ರೂಢಿ. ಸುಮಾಳ ಓದು ನಿಲ್ಲಿಸುವುದಿಲ್ಲ ಎಂದೆ. ಅಮ್ಮನನ್ನು ನೋಡಿಕೊಳ್ಳುತ್ತೇನೆ ಎಂದೆ. ಅತ್ತಿಗೆ ಕಣ್ಣೊರೆಸಿಕೊಂಡು, "ನಿಮ್ಮ ಸ್ಕೂಟರ್ ಮಾರಲ್ಲಂಡಿ," ಎಂದರು. ಕಾಗೆಗಳು ಕದಲಲಿಲ್ಲ.

"ಇಕ್ಕಡ ಕಾಕುಲಕಿ ಕನ್ನಡಂ ರಾದೇಮೋ ಬಾಬಾಯ್," ಎಂದು ಸುಮಾ ಮೆಲ್ಲಗೆ ಹೇಳಿದಳು. ಇಲ್ಲಿಯ ಕಾಗೆಗಳಿಗೆ ಕನ್ನಡ ಬರುವುದಿಲ್ಲವೇನೋ ಎಂದು ಅವಳ ಅನುಮಾನ. ಅಳುತ್ತಲೇ ಹೇಳಿದ ಆ ಮಾತಿಗೆ ನನಗೆ ನಗು ಬಂತು. ಕಾಗೆಗಳಿಗೆ ತಿಳಿಯಲೆಂದು ಅವಳು ತೆಲುಗಿನಲ್ಲೂ ಅದೇ ಮಾತುಗಳನ್ನು ಹೇಳಿದಳು. ಅಷ್ಟರಲ್ಲಿ ಘಾಟಿನ ಕೋತಿಗಳು ನುಗ್ಗಿ ಪಿಂಡವನ್ನು ಬಾಚಿಕೊಂಡು, ಒಂದನ್ನೊಂದು ಕಚ್ಚುತ್ತಾ ಓಡಿದವು.

ದರ್ಭೆಯಲ್ಲಿ ಕಾಗೆ ಮಾಡಿ ಶಾಸ್ತ್ರ ಮುಗಿಸಬಹುದು, ದೋಷವಿಲ್ಲ ಎಂದರು ಪುರೋಹಿತರು. ಅಮ್ಮ ಒಪ್ಪಲಿಲ್ಲ. ಮನೆಗೆ ಬಂದವಳು ತಟ್ಟೆ ಮುಟ್ಟಲಿಲ್ಲ.

"ಆಸ್ಪತ್ರೇಲೂ ಅವನಿಗೆ ತುತ್ತು ಇಳೀಲಿಲ್ಲ. ಈಗ್ಲೂ ಅವನ ತುತ್ತನ್ನ ಕೋತಿ ಕಿತ್ಕೊಂಡ್ವು. ನನ್ನ ಮಗ ಹಸ್ಕೊಂಡಿರೋವಾಗ ನಾನ್ ಹೆಂಗೋ ಉಣ್ಲಿ?"

ಅವಳಿಗೆ ಸಕ್ಕರೆ ಕಾಯಿಲೆ. ಮಾತ್ರೆ ಬೇಡವೆಂದಳು, ಊಟ ಬೇಡವೆಂದಳು, ಬರೀ ನೀರು. ಮರುದಿನ ಬೆಳಿಗ್ಗೆ ಎದ್ದು ನಿಂತವಳು ತಲೆ ಸುತ್ತಿ ಗೋಡೆ ಹಿಡಿದುಕೊಂಡಳು. ಡಾಕ್ಟರು ಫೋನಿನಲ್ಲಿ ನನ್ನನ್ನೇ ಬೈದರು. ಅಣ್ಣನ ಹಿಂದೆಯೇ ಅಮ್ಮನನ್ನೂ ಕಳೆದುಕೊಳ್ಳುತ್ತೇನೆ ಎಂದು ನನಗೆ ನಿಜವಾಗಿ ಭಯವಾಯಿತು.

ಕೊನೆಗೆ, ಮನೆಯಲ್ಲೇ ಇನ್ನೊಂದು ಎಲೆ ಇಡೋಣ ಎಂದೆ. ಅತ್ತಿಗೆ ಅನ್ನ, ಹೆಸರುಬೇಳೆ ಪಾಯಸ, ಅಣ್ಣನಿಗೆ ಪ್ರಾಣವಾಗಿದ್ದ ಉದ್ದಿನ ವಡೆ ಮಾಡಿದರು. ಮಧ್ಯಾಹ್ನ ತಾರಸಿಯ ನಡುವೆ ಎಲೆ ಹಾಕಿ ಬಡಿಸಿದೆವು. ಅಮ್ಮನನ್ನು ಕುರ್ಚಿಯ ಮೇಲೆ ಮೇಲಕ್ಕೆ ಹೊತ್ತು ತಂದು ಬಾಗಿಲ ಬಳಿ ಕೂರಿಸಿದೆವು.

ಕಾಗೆ ಬರಲಿಲ್ಲ. ಕೋತಿಗಳು ಬಂದವು. ಅಷ್ಟು ದಿನ ಆ ಕಡೆ ಸುಳಿಯದಿದ್ದ ಅದೇ ಗುಂಪು. ಮುಂದೆ ಹರಿದ ಕಿವಿಯ ಗಡವ, ಹಿಂದೆ ಮರಿ ಕಟ್ಟಿಕೊಂಡ ಹೆಣ್ಣುಗಳು. ಪಕ್ಕದ ಮನೆಯ ಗೋಡೆ ಹಾರಿ ಒಂದೊಂದೇ ಇಳಿದವು. ಅಮ್ಮನ ಬಾಯಿಂದ "ಅಯ್ಯೋ" ಎಂಬ ಒಂದು ಸಣ್ಣ ಸದ್ದು ಬಂತು. ನಾನು ಮೂಲೆಯಲ್ಲಿದ್ದ ಕೋಲನ್ನು ತೆಗೆದುಕೊಂಡೆ. ಕೋಲು ಕಂಡರೆ ಅವು ಹಲ್ಲು ಕಿರಿಯಬೇಕು, ವಡೆ ಕಂಡರೆ ನುಗ್ಗಬೇಕು. ಎರಡೂ ಆಗಲಿಲ್ಲ.

ಅವು ಎಲೆಯ ಆಚೆ ನಿಂತವು. ನನ್ನ ಕೈಯನ್ನು ನೋಡಲಿಲ್ಲ. ಎಲೆಯನ್ನೂ ನೋಡಲಿಲ್ಲ. ಎಲ್ಲವೂ ಟ್ಯಾಂಕಿನ ನೆರಳಿನ ಕಡೆಗೆ ಮುಖ ಮಾಡಿದ್ದವು. ಅಲ್ಲಿ ಯಾರೂ ಇರಲಿಲ್ಲ. ಒಣಗಿದ ಬಾನಿ ಮಾತ್ರ ಇತ್ತು. ಗಡವ ಒಂದು ಕಡೆ ದೃಷ್ಟಿ ಇಟ್ಟಿತು. ಸ್ವಲ್ಪ ಹೊತ್ತಾದ ಮೇಲೆ ತಲೆ ತುಸುವೇ ತಿರುಗಿಸಿ ಇನ್ನೊಂದು ಕಡೆ ನೋಡಿತು.

"ಬಾಬಾಯ್," ಎಂದು ಸುಮಾ ನನ್ನ ತೋಳು ಹಿಡಿದಳು. "ಫಸ್ಟ್ ಎಡಗೈ. ಚೂಡು, ಈಗ ಬಲಗೈ."

ಅವಳು ಹೇಳದಿದ್ದರೂ ನನಗೆ ಕಾಣುತ್ತಿತ್ತು. ಅಣ್ಣ ಅಲ್ಲಿ ಕೂತಿದ್ದರೆ ಅವನ ಅಂಗೈಗಳು ಎಲ್ಲಿರುತ್ತಿದ್ದವೋ ಸರಿಯಾಗಿ ಆ ಎತ್ತರಕ್ಕೆ, ಅದೇ ಕ್ರಮದಲ್ಲಿ ಅವು ನೋಡಿದವು. ನಂತರ ಗಡವ ನಮ್ಮ ಕಡೆಗೆ ಬೆನ್ನು ಹಾಕಿ ಕೂತಿತು. ಒಂದು ಮುದಿ ಹೆಣ್ಣು ಅದರ ಬೆನ್ನ ಕೂದಲನ್ನು ಬಿಡಿಸತೊಡಗಿತು. ಉಳಿದವೂ ಎರಡೆರಡಾಗಿ ಕೂತು ಹೇನು ಹೆಕ್ಕತೊಡಗಿದವು. ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ವಡೆ ಇತ್ತು. ಒಂದು ಮರಿ ಎಲೆಯ ಕಡೆ ಹೊರಟಿತು, ತಾಯಿ ಬಾಲ ಹಿಡಿದು ಎಳೆದುಕೊಂಡಿತು. ಕೋಲನ್ನು ಸದ್ದಾಗದಂತೆ ಕೆಳಗಿಟ್ಟೆ.

ಆಗ ಕಾಗೆ ಬಂತು. ಕೋತಿಗಳ ನಡುವೆಯೇ ಇಳಿದು, ಕುಪ್ಪಳಿಸಿಕೊಂಡು ಎಲೆಯ ಹತ್ತಿರ ಹೋಗಿ, ಮೊದಲು ವಡೆಯನ್ನೇ ಕುಕ್ಕಿತು. ಹಿಂದೆ ಇನ್ನೆರಡು ಇಳಿದವು. ಕೋತಿಗಳು ಅತ್ತ ತಿರುಗಲೇ ಇಲ್ಲ. ಕಾಗೆಗಳು ತಿಂದು ಹಾರಿದ ಮೇಲೆ ಗಡವ ಎದ್ದಿತು, ಎಲ್ಲವೂ ಬಂದ ದಾರಿಯಲ್ಲೇ ಹೋದವು. ಎಲೆಯಲ್ಲಿ ಉಳಿದದ್ದನ್ನೂ ಮುಟ್ಟಲಿಲ್ಲ.

ಅಮ್ಮನೇ ಮೊದಲು ಮಾತಾಡಿದಳು. "ಉಂಡ ಕಣೇ," ಎಂದಳು ಅತ್ತಿಗೆಗೆ. "ನನಗೂ ಒಂಚೂರು ಹಾಕು. ವಡೆ ಮೆತ್ತಗಾಗೋಕೆ ಮುಂಚೆ ತಾ."

"ಗಾರೆಲು ಎರಡೇ, ಅತ್ತೆ. ಶುಗರ್ ಜೊತೆ ಎಣ್ಣೆ ಬೇರೆ," ಎಂದು ವಡೆ ಬಡಿಸುತ್ತಾ ಅತ್ತಿಗೆ ಗದರಿದರು. ಗದರುತ್ತಲೇ ಅತ್ತುಬಿಟ್ಟರು. ಅಮ್ಮ ಕುರ್ಚಿಯಲ್ಲೇ ಕೂತು ಅನ್ನ ಕಲಸಿ ಉಂಡಳು. ಅವಳ ಗಂಟಲು ಆಡುವುದನ್ನು ನೋಡುತ್ತಾ ನಿಂತಿದ್ದೆ. ಅಣ್ಣ ಹೋದಂದಿನಿಂದ ಎದೆಯ ಮೇಲೆ ಕೂತಿದ್ದ ಯಾವುದೋ ಭಾರ ಆ ಹೊತ್ತಿನಲ್ಲಿ ಇಳಿಯಿತು. ಇವತ್ತಿಗೂ ಆ ದಿನ ನೆನೆದರೆ ಹೆದರಿಕೆಯಲ್ಲ, ಆ ಹಗುರವೇ ಮೊದಲು ನೆನಪಾಗುತ್ತದೆ.

ಏನಾಗಿರಬಹುದು ಎಂದು ಬಹಳ ಯೋಚಿಸಿದ್ದೇನೆ. ಜಾಗದ ಅಭ್ಯಾಸ ಇರಬಹುದು. ಆದರೆ ಅಣ್ಣ ಕೂರುತ್ತಿದ್ದದ್ದು ಬೆಳಿಗ್ಗೆ, ಇದು ನಡೆದದ್ದು ಮಧ್ಯಾಹ್ನ. ಅಷ್ಟು ದಿನ ಬಾರದಿದ್ದವು ಅವತ್ತೇ ಏಕೆ ಬಂದವು? ಹೊಟ್ಟೆ ತುಂಬಿತ್ತು ಎನ್ನೋಣವೆಂದರೆ, ಬೆಟ್ಟದ ಕೋತಿ ಹೊಟ್ಟೆ ತುಂಬಿದೆಯೆಂದು ವಡೆ ಬಿಟ್ಟದ್ದನ್ನು ಆ ಬೀದಿಯಲ್ಲಿ ಯಾರೂ ಕಂಡಿಲ್ಲ. ಮೊದಲು ಎಡಗೈಯ ಜಾಗ, ಆಮೇಲೆ ಬಲಗೈಯ ಜಾಗ ನೋಡಿದ್ದಕ್ಕಂತೂ ನನ್ನಲ್ಲಿ ಉತ್ತರವೇ ಇಲ್ಲ. ಅಮ್ಮನಿಗೆ ಉತ್ತರ ಬೇಕಿರಲಿಲ್ಲ. ಅವಳು ಈಗ ವಿಶಾಖಪಟ್ಟಣದಲ್ಲಿ ನನ್ನ ಜೊತೆ ಇದ್ದಾಳೆ, ಮಾತ್ರೆ ನುಂಗುತ್ತಾಳೆ, ಊಟಕ್ಕೆ ತಡವಾದರೆ ರೇಗುತ್ತಾಳೆ.

ನಮ್ಮ ಮನೆಯ ಹಿಂದೆಯೂ ಒಂದು ಗುಡ್ಡವಿದೆ, ಅಲ್ಲಿಯೂ ಕೋತಿಗಳಿವೆ. ರಜೆಯ ದಿನ ತಾರಸಿಯಲ್ಲಿ ನೀರಿಟ್ಟು, ನೆಲದ ಮೇಲೆ ಕೂತು, ಎಡಗೈ ತೋರಿಸುತ್ತೇನೆ, ಆಮೇಲೆ ಬಲಗೈ. ಅವು ಗೋಡೆಯ ಮೇಲೆ ಸಾಲಾಗಿ ಕೂತು ನನ್ನ ಕೈಗಳನ್ನೇ ನೋಡುತ್ತಿರುತ್ತವೆ. ಇನ್ನೂ ದೃಷ್ಟಿ ತೆಗೆದಿಲ್ಲ. ಆದರೆ ಈಚೆಗೆ ಚಪ್ಪಲಿಯನ್ನು ಮುಟ್ಟುತ್ತಿಲ್ಲ.