ಗ್ಯಾರೇಜಿನ ಟೀಮು

ಹಳಿಯಾಳದ ಚಾಚಾನ ಗ್ಯಾರೇಜಿನಲ್ಲಿ ಬೈಕ್ ರಿಪೇರಿಯ ಜೊತೆಗೇ ಟೆಸ್ಟ್ ಕ್ರಿಕೆಟ್ ತಂಡದ ಆಯ್ಕೆಯೂ ನಡೆಯುತ್ತಿತ್ತು.

"ಎರಡೂ ಇನ್ನಿಂಗ್ಸಿನ್ಯಾಗ ಸೊನ್ನಿ! ಅವನ್ನ ಕಿತ್ತು ಒಗೀಬೇಕ ಚಾಚಾ" ಎಂದು ಗಿರಾಕಿಗಳು ರೇಗಿದರೆ, ಮೆಕ್ಯಾನಿಕ್ ಚಾಚಾ ಕೈಯಲ್ಲಿದ್ದ ಪ್ಲಗ್ಗಿಗೆ ಊದಿ, "ಫಾಲೋಆನ್ ಆಗಿ ಸೋಲೂ ಮ್ಯಾಚೂ ಗೆದ್ದೀವಿ, ಮರತ್ರೇನು? ಇನ್ನೊಂದು ಮ್ಯಾಚ್ ಕೊಡ್ರಿ" ಎನ್ನುತ್ತಿದ್ದರು.

ನಮ್ಮ ಮನೆಯಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗ ನಾನು. ಬಿ.ಎ. ಮೊದಲ ವರ್ಷ ಇಂಗ್ಲಿಷಿನಲ್ಲಿ ಫೇಲಾದೆ. ಅಪ್ಪ ನನ್ನನ್ನು ಚಾಚಾನ ಮುಂದೆ ನಿಲ್ಲಿಸಿದ.

"ಓದಿದ್ದು ಸಾಕು. ಇವನ್ನ ಕೆಲಸಕ್ಕ ಇಟ್ಕೋರಿ."

ಕೆಲಸಕ್ಕೆ ಆಳು ಬೇಕೆಂದು ವಾರದಿಂದ ಎಲ್ಲರಿಗೂ ಹೇಳುತ್ತಿದ್ದವರು ಚಾಚಾ. ನನ್ನ ಮುಖ ನೋಡಿದರು.

"ನನ್ನ ಟೀಮಿನ್ಯಾಗ ಜಾಗಾ ಇಲ್ರಿ. ಇವಂಗ ಇನ್ನೊಂದು ಮ್ಯಾಚ್ ಕೊಡ್ರಿ."

ಮನೆ ಹತ್ತಿರ ಬಂದಾಗ ಅಪ್ಪ ಕೇಳಿದ: "ಪರೀಕ್ಷಾ ಮತ್ತ ಯಾವಾಗ ಐತಿ?"